ಒಂದು ಕೆರೆ, ಮೂರು ದೇಶ, ನನ್ನ ಹತ್ತು ಯೂರೋ

ಮಗಳ ಬಾಣಂತನಕ್ಕೆ ಅಂತ ಜರ್ಮನಿಗೆ ಹೊರಟಾಗ ಸೂಟ್‌ಕೇಸಿಗೆ ಏನೇನು ಹೋಗಬೇಕು ಅಂತ ಎರಡು ಪುಟ ಪಟ್ಟಿ ಮಾಡಿದ್ದೆ. ಬಜೆ, ಓಮ, ಒಣಶುಂಠಿ, ಮೆಂತ್ಯದ ಹಿಟ್ಟು, ಅಂಟಿನುಂಡೆ. ಫೋನಿಗೆ ಮಾತ್ರ ಪಟ್ಟಿ ಮಾಡಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಫೋನಿನ ಲೆಕ್ಕ ಏನು ಮಹಾ ಅಂತ ಅಂದುಕೊಂಡಿದ್ದೆ.

ಹೊರಡುವ ವಾರ ಸಾಗರದ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಹಳೇ ವಿದ್ಯಾರ್ಥಿ. "ಮೇಡಂ, ರೋಮಿಂಗ್ ಪ್ಯಾಕ್ ಹಾಕಿಸಿಬಿಡಿ, ತಲೆನೋವಿಲ್ಲ" ಅಂದ. ಊರಿನ ಸಿಮ್ಮನ್ನೇ ಹೊರದೇಶದಲ್ಲೂ ಬಳಸುವ ಏರ್ಪಾಡು ಅದು. ರೇಟು ನೋಡಿದೆ. ಹತ್ತು ದಿನದ್ದೇ ಸಾವಿರಗಳಲ್ಲಿ ಇತ್ತು. ನಾನು ಹೋಗುತ್ತಿದ್ದದ್ದು 88 ದಿನಕ್ಕೆ. ಗುಣಿಸಿ ನೋಡಿ, ಪರ್ಸ್ ಮುಚ್ಚಿದೆ.

ನನ್ನ ಗೊಂದಲ ಬಿಡಿಸಿದ್ದು ಮಗಳ ಒಂದು ಮಾತು. "ಅಮ್ಮಾ, ಫೋನಲ್ಲಿ ನಿನಗೆ ಬೇಕಾಗಿರೋದು ಎರಡು. ಒಂದು ಇಂಟರ್ನೆಟ್ಟು, ಇನ್ನೊಂದು ನಿನ್ನ ನಂಬರ್ರು. ಎರಡನ್ನೂ ಒಂದೇ ಸಿಮ್ಮಿಂದ ಕೇಳಬೇಡ." ಸಾಗರದ ಸಿಮ್ ಮೊದಲ ಗೂಡಿನಲ್ಲಿ ಸುಮ್ನೆ ಮಲಗಿರಬೇಕು. ಬ್ಯಾಂಕಿನ ಒಟಿಪಿ ಬಂದಾಗ ಮಾತ್ರ ಎದ್ದರೆ ಸಾಕು. ಎರಡನೇ ಗೂಡಿಗೆ ಅಲ್ಲಿನ ಸಿಮ್ ಹಾಕಿ ಇಂಟರ್ನೆಟ್ ಎಲ್ಲ ಅದರಿಂದ. ವಾಟ್ಸಾಪ್ ಹೇಗೂ ಹಳೇ ನಂಬರಿನಲ್ಲೇ ಇರುತ್ತೆ, ಸಿಮ್ ಯಾವುದಾದರೂ ಅದಕ್ಕೆ ಚಿಂತೆಯಿಲ್ಲ.

ಸಾಗರದ ಸಿಮ್ಮನ್ನು ಮಲಗಿಸುವುದಕ್ಕೂ ಸ್ವಲ್ಪ ಕೆಲಸವಿದೆ. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನು ಊರಲ್ಲೇ ಚಾಲೂ ಮಾಡಿಸಿರಬೇಕು, ಇಲ್ಲದಿದ್ದರೆ ವಿಮಾನ ಇಳಿದ ಮೇಲೆ ಆ ಸಿಮ್ ಯಾವ ನೆಟ್‌ವರ್ಕನ್ನೂ ಹಿಡಿಯುವುದಿಲ್ಲ. ಆದರೆ ಹೊರದೇಶದಲ್ಲಿ ಆ ಸಿಮ್ಮಿಂದ ಇಂಟರ್ನೆಟ್ ಓಡಿಸುವ 'ಡೇಟಾ ರೋಮಿಂಗ್' ಆಫ್ ಇರಬೇಕು. ಹೆಸರು ಒಂದೇ ಥರ ಇದ್ದರೂ ಇವು ಎರಡು ಬೇರೆ ಗುಂಡಿ. ಇನ್ನೊಂದು ಕಳ್ಳಗುಂಡಿಯೂ ಇದೆ: ಒಂದು ಸಿಮ್ಮಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋನ್ ತಾನೇ ಇನ್ನೊಂದರ ಡೇಟಾಕ್ಕೆ ಹಾರುವ ಸೌಲಭ್ಯ. ಹುಡುಕಿ ಆಫ್ ಮಾಡಿ. ನನ್ನ ಫೋನಿನಲ್ಲಿ ಅದು ಎಲ್ಲೋ ಮೂರು ಮೆನು ಒಳಗೆ ಕೂತಿತ್ತು.

ರೋಮಿಂಗಿನಲ್ಲಿ ಎಸ್ಸೆಮ್ಮೆಸ್ ಬಂದರೆ ನನಗೆ ದುಡ್ಡಿಲ್ಲ. ಕಾಲ್ ಎತ್ತಿದರೆ ದುಡ್ಡು. ಇದನ್ನು ನಾನು ಬೆಳಗ್ಗೆ ಆರೂವರೆಗೆ ಕಲಿತೆ. ನಮ್ಮಲ್ಲಿ ಆಗ ಹತ್ತು ಗಂಟೆ, ಆಫೀಸುಗಳು ಬಾಗಿಲು ತೆಗೆಯುವ ಹೊತ್ತು. ಮಗು ರಾತ್ರಿಯಿಡೀ ಅತ್ತು ಆಗಷ್ಟೇ ಕಣ್ಣು ಮುಚ್ಚಿತ್ತು. ಫೋನ್ ಹೊಡೆದುಕೊಂಡಿತು. ಗಾಬರಿಯಲ್ಲಿ ಎತ್ತಿದೆ. "ಮೇಡಂ, ಪರ್ಸನಲ್ ಲೋನ್ ಬೇಕಿತ್ತಾ?" ಬೇಡ ಅನ್ನುವುದಕ್ಕೂ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಟ್ಟೆ! ಮಗು ಎದ್ದದ್ದರ ಲೆಕ್ಕ ಬೇರೆ. ಅವತ್ತಿಂದ ಆ ಸಿಮ್ಮಿಗೆ ಬರುವ ಕಾಲ್ ಯಾವುದನ್ನೂ ಎತ್ತಲಿಲ್ಲ. ಗುರುತಿನವರಾದರೆ ವಾಟ್ಸಾಪಿನಲ್ಲಿ ತಿರುಗಿ ಮಾಡುತ್ತಿದ್ದೆ.

ಜರ್ಮನ್ ಸಿಮ್ ಸೂಪರ್‌ಮಾರ್ಕೆಟಿನಲ್ಲೇ ಸಿಗುತ್ತೆ, ಹಾಲು ಬ್ರೆಡ್ ಜೊತೆ. ಅದನ್ನು ಚಾಲೂ ಮಾಡುವುದು ಅಷ್ಟು ಸಲೀಸಲ್ಲ. 2017ರಿಂದ ಅಲ್ಲಿ ಪ್ರೀಪೇಯ್ಡ್ ಸಿಮ್ಮಿಗೂ ಗುರುತಿನ ಚೀಟಿ ತೋರಿಸಲೇಬೇಕು. ಮಗಳ ಮನೆ ವಿಳಾಸ ಕೊಟ್ಟು, ಪೋಸ್ಟ್ ಆಫೀಸಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿದ ಮೇಲೆ ಸಂಜೆ ಹೊತ್ತಿಗೆ ಜೀವ ಬಂತು. ನಾನು ತಗೊಂಡದ್ದು ನಾಲ್ಕು ವಾರಕ್ಕೆ 10 ಯೂರೋ ಪ್ಯಾಕ್. ನಾಲ್ಕು ವಾರ ಅಂದರೆ 28 ದಿನ. ತಿಂಗಳು ಅಂತ ಹೇಳಿ 28 ದಿನ ಕೊಡುವ ಜಾಣತನ ನಮ್ಮವರಿಗೆ ಮಾತ್ರ ಇದೆ ಅಂದುಕೊಂಡಿದ್ದೆ, ಅಲ್ಲೂ ಅದೇ ಮಗ್ಗಿ.

ಆ ಮಗ್ಗಿಯೇ ಸಾಗರದ ಸಿಮ್ಮಿಗೂ ಕಾಟ ಕೊಟ್ಟಿತು. 84 ದಿನದ ರೀಚಾರ್ಜ್ ಮಾಡಿಸಿ ಹೊರಟಿದ್ದೆ. ಇದ್ದದ್ದು 88 ದಿನ. ಕೊನೆಯ ನಾಲ್ಕೈದು ದಿನ ನನ್ನ ನಂಬರ್ ಅನಾಥ. ಕರೆಂಟ್ ಬಿಲ್ಲು, ಬ್ಯಾಂಕು ಎಲ್ಲದರ ಒಟಿಪಿ ಅದಕ್ಕೇ ಬರಬೇಕಲ್ವಾ? ವ್ಯಾಲಿಡಿಟಿ ಮುಗಿದ ಮೇಲೂ ಬರಬಹುದು ಅಂತ ನಂಬಿ ಕೂರುವ ಜಾತಿ ನಾನಲ್ಲ. ನಮ್ಮ ಮನೆಯವರನ್ನು ಅದೇ ಅಂಗಡಿಗೆ ಕಳಿಸಿ ರೀಚಾರ್ಜ್ ಮಾಡಿಸಿದೆ.

ಇನ್ನು ಕೆರೆಯ ಕತೆ.

ಮಗಳಿರುವುದು ಕೊನ್‌ಸ್ಟಾನ್ಸ್ ಎಂಬ ಊರಿನಲ್ಲಿ. ಬೋಡೆನ್‌ಜೇ ಅಂತ ಒಂದು ದೊಡ್ಡ ಸರೋವರದ ದಡ. ಅದರ ಸುತ್ತ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್. ಅದರ ದೊಡ್ಡ ಭಾಗದಲ್ಲಿ ನೀರಿನ ಮೇಲೆ ಯಾರ ಗಡಿ ಎಲ್ಲಿ ಅನ್ನುವುದನ್ನು ಮೂರೂ ದೇಶಗಳು ಇವತ್ತಿಗೂ ಕೂತು ತೀರ್ಮಾನ ಮಾಡಿಕೊಂಡಿಲ್ಲವಂತೆ. ನಮ್ಮಲ್ಲಾಗಿದ್ದರೆ ಎಷ್ಟು ಕೇಸು ನಡೆಯುತ್ತಿತ್ತೋ.

ಮೊದಲೊಂದು ಭಾನುವಾರ ಅಳಿಯಂದಿರು ನನ್ನನ್ನು ಆಸ್ಟ್ರಿಯಾದ ಬ್ರೆಗೆನ್ಸ್‌ಗೆ ಕರೆದುಕೊಂಡು ಹೋದರು. ಕಾರನ್ನು ಫೆರಿಗೆ ಹತ್ತಿಸಿ ಮೀರ್ಸ್‌ಬುರ್ಗ್‌ಗೆ ದಾಟಿ, ಲಿಂಡಾವ್ ಮೇಲೆ ಹೋದೆವು. ದೇಶ ಬದಲಾಯಿತು, ಫೋನಿನ ಲೆಕ್ಕ ಬದಲಾಗಲಿಲ್ಲ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಇನ್ನೊಂದಕ್ಕೆ ಹೋದರೂ ಮನೆಯ ರೇಟೇ. ಒಕ್ಕೂಟಕ್ಕೆ ಸೇರದ ನಾರ್ವೆ, ಐಸ್‌ಲ್ಯಾಂಡ್, ಲೀಷ್ಟೆನ್‌ಸ್ಟೈನ್‌ಗೂ ಅದೇ ನಿಯಮ. ಫೋಟೋ ಕಳಿಸಿದೆ, ಮ್ಯಾಪ್ ನೋಡಿದೆ, ಒಂದು ಸೆಂಟೂ ಹೋಗಲಿಲ್ಲ. ಅವತ್ತು ಜರ್ಮನ್ ಸಿಮ್ಮಿನ ಡೇಟಾ ರೋಮಿಂಗ್ ಆನ್ ಮಾಡಿದ್ದೆ. ಹಾಗೇ ಬಿಟ್ಟೆ. ತಪ್ಪಾದದ್ದು ಅಲ್ಲಿ.

ಮಗುವಿಗೆ ನಲವತ್ತು ದಿನ ಆದ ಮೇಲೆ ಸಂಜೆ ಹೊತ್ತು ಪ್ರಾಮ್ ತಳ್ಳಿಕೊಂಡು ಕೆರೆದಂಡೆ ಹಿಡಿದು ಹೋಗುವುದು ನನ್ನ ಕೆಲಸ. ಹಾಗೇ ನಡೆದರೆ ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ ಬಂದುಬಿಡುತ್ತೆ. ಮೊದಲು ಅಲ್ಲೊಂದು ಬೇಲಿ ಇತ್ತಂತೆ. ಅದನ್ನು ತೆಗೆದು ಗಡಿಯುದ್ದಕ್ಕೂ ಎತ್ತರದ 22 ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಪೊಲೀಸ್ ಇಲ್ಲ, ಗೇಟ್ ಇಲ್ಲ. ಎರಡು ಶಿಲ್ಪಗಳ ನಡುವೆ ಪ್ರಾಮ್ ತಳ್ಳಿದರೆ ಬೇರೆ ದೇಶ.

ಆ ಸಂಜೆ ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಇವರಿಗೆ ತೋರಿಸೋಣ ಅಂತ ವಿಡಿಯೋ ಕಾಲ್ ಮಾಡಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ. ಇವರು ಅಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದರು, ಮಳೆ ಹುಯ್ಯುತ್ತಿತ್ತು. "ಮಗು ಮುಖ ತೋರಿಸೇ, ಕೆರೆ ಆಮೇಲೆ" ಅಂದರು. ಮೊಮ್ಮಗ ಆಕಳಿಸಿದ. ಇವರು ಅಲ್ಲಿಂದ ನಕ್ಕರು. ಈ ನಡುವೆ ಫೋನ್ ಟಿಂಗ್ ಅಂತು. ಜರ್ಮನ್ ಭಾಷೆಯಲ್ಲಿ ಏನೋ ಮೆಸೇಜ್. ನನಗೆ ಅರ್ಥ ಆದದ್ದು 'ವಿಲ್‌ಕೊಮ್ಮೆನ್' ಅನ್ನುವುದೊಂದೇ. ಸ್ವಾಗತ ಮಾಡುತ್ತಿದ್ದಾರೆ, ಪಾಪ, ಒಳ್ಳೇ ಜನ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಇವರ ಮುಖ ಕೊಡೆ ಸಮೇತ ಹಾಗೇ ನಿಂತುಬಿಟ್ಟಿತು. ಮಳೆಗೆ ಊರಿನ ಟವರ್ ಹೋಯಿತು ಅಂತ ಬೈದುಕೊಂಡು ಮನೆಗೆ ಬಂದೆ.

ಮಗಳು ಮೆಸೇಜ್ ಓದಿದಳು. "ಅಮ್ಮಾ, ಇದು ಸ್ವಿಸ್ ರೋಮಿಂಗ್ ರೇಟು!" ಮುಂದಿನ ಪ್ಯಾಕಿಗೆ ಅಂತ ಹಾಕಿಸಿಟ್ಟಿದ್ದ 10 ಯೂರೋದಲ್ಲಿ ಉಳಿದದ್ದು ನಾಲ್ಕು ಸೆಂಟ್. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಆ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಕೆಲವು ಕಂಪನಿಗಳು ತಾವಾಗೇ ಸೇರಿಸಿ ಕೊಡುತ್ತವೆ. ನನ್ನ ಪ್ಯಾಕಿನಲ್ಲಿ ಇರಲಿಲ್ಲ.

ಗಡಿ ದಾಟಿದ್ದಕ್ಕೆ ದಂಡ ಅಂದರೆ ಒಪ್ಪಿಕೊಳ್ಳಬಹುದಿತ್ತು. ಆದರೆ ಆ ಊರಿನಲ್ಲಿ ಜರ್ಮನಿ ಬದಿಯಲ್ಲೇ ನಿಂತಿದ್ದರೂ ಎಷ್ಟೋ ಸಲ ಫೋನ್ ಸ್ವಿಸ್ ಟವರನ್ನು ಹಿಡಿದುಕೊಳ್ಳುತ್ತೆ. ಎರಡನೇ ಮಹಾಯುದ್ಧದಲ್ಲಿ ಕೊನ್‌ಸ್ಟಾನ್ಸಿನವರು ರಾತ್ರಿ ದೀಪ ಆರಿಸದೆ ಬಿಟ್ಟರಂತೆ. ಮೇಲಿಂದ ನೋಡಿದ ವಿಮಾನದವರಿಗೆ ಇದೂ ಸ್ವಿಟ್ಜರ್ಲೆಂಡೇ ಅನ್ನಿಸಿ ಬಾಂಬ್ ಹಾಕಲಿಲ್ಲ ಅಂತ ಊರಿನವರು ಹೇಳುವ ಕತೆ. ನನ್ನ ಫೋನೂ ಹಾಗೇ ಮೋಸ ಹೋಗುತ್ತಿತ್ತು. ಅದಕ್ಕೆ ಮದ್ದು ಸುಲಭ. ನೆಟ್‌ವರ್ಕ್ ಆಯ್ಕೆ 'ಆಟೊಮ್ಯಾಟಿಕ್' ಅಂತ ಇರುವುದನ್ನು ತೆಗೆದು, ಪಟ್ಟಿಯಲ್ಲಿ ನಮ್ಮ ಕಂಪನಿ ಹೆಸರನ್ನು ಕೈಯಾರೆ ಆರಿಸಬೇಕು. ಆ ಸಿಮ್ಮಿನ ಡೇಟಾ ರೋಮಿಂಗ್ ಕೂಡ ಆಫ್. ಆಸ್ಟ್ರಿಯಾಕ್ಕೆ ಹೋದ ದಿನ ಆನ್ ಮಾಡಿಕೊಂಡರಾಯಿತು.

ಮೊದಲ ಪ್ಯಾಕ್ ಬೇಗ ಖಾಲಿಯಾದದ್ದಕ್ಕೆ ಕಾರಣ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪು. ಗುಲಾಬಿ ಹೂವಿನ ಶುಭೋದಯ ದಿನಕ್ಕೆ ಮೂವತ್ತು. ರೋಮಿಂಗಿನಲ್ಲಿದ್ದರೆ ವಾಟ್ಸಾಪ್ ಚಿತ್ರಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಜರ್ಮನಿಯಲ್ಲಿ ಜರ್ಮನ್ ಸಿಮ್ ರೋಮಿಂಗ್ ಅಲ್ಲವಲ್ಲ, ಎಲ್ಲ ಗುಲಾಬಿಯೂ ಇಳಿಯಿತು. ಮೊಬೈಲ್ ಡೇಟಾಕ್ಕೂ ಆಟೋ ಡೌನ್‌ಲೋಡ್ ಬಂದ್ ಮಾಡಿದೆ. ಊರಿನ ಮ್ಯಾಪನ್ನೂ ಗೂಗಲ್ ಟ್ರಾನ್ಸ್‌ಲೇಟಿನ ಕನ್ನಡ, ಜರ್ಮನ್ ಎರಡನ್ನೂ ಮನೆಯ ವೈಫೈನಲ್ಲಿ ಇಳಿಸಿಟ್ಟುಕೊಂಡೆ.

ಒಟ್ಟು ಮೂರು ಪ್ಯಾಕು, ಮೇಲೆ ಸ್ವಿಸ್ ಕಾಣಿಕೆ ಹತ್ತು ಯೂರೋ. ಮೂರು ತಿಂಗಳಿಗೆ ಹೆಚ್ಚುಕಮ್ಮಿ ನಾಲ್ಕು ಸಾವಿರ ರೂಪಾಯಿ.

ಹತ್ತು ದಿನದ ಟೂರ್ ಹೋಗುವವರಿಗೆ ಇಷ್ಟೆಲ್ಲ ಪಾಡು ಬೇಡ. ನನ್ನ ತಂಗಿಗೆ ಇ-ಸಿಮ್ ತಗೋ ಅಂದೆ. ಕೈಯಲ್ಲಿ ಹಿಡಿಯುವ ಚಿಪ್ ಇಲ್ಲದೆ, ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ ಅದು. *#06# ಒತ್ತಿದಾಗ ಇಐಡಿ ಅಂತ ಒಂದು ಉದ್ದ ನಂಬರ್ ಕಂಡರೆ ಆ ಫೋನಿಗೆ ಇ-ಸಿಮ್ ಆಗುತ್ತೆ. ಮನೆಯಲ್ಲೇ ಕೂತು ಕೊಂಡು, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಹೆಚ್ಚಿನವುಗಳಲ್ಲಿ ಬರೀ ಡೇಟಾ, ಫೋನ್ ನಂಬರ್ ಇರಲ್ಲ. 'ಯೂರೋಪ್' ಅಂತ ಹೆಸರಿದ್ದರೆ ಸಾಲದು, ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯಾ ಅಂತ ಓದಿ ನೋಡು ಅಂತಲೂ ಹೇಳಿದೆ.

ನಾನು ಹೊರಡುವ ಎರಡು ದಿನ ಮೊದಲು ಬೀಗಿತ್ತಿ ಬಂದರು, ಮುಂದಿನ ಮೂರು ತಿಂಗಳ ಪಾಳಿ ಅವರದ್ದು. ನನ್ನ ಸಿಮ್ ಕೊಡೋಣ ಅಂದರೆ ಅದು ನನ್ನ ಪಾಸ್‌ಪೋರ್ಟ್ ಹೆಸರಿನಲ್ಲಿದೆ, ಅವರಿಗೆ ಬೇರೆಯೇ ಆಗಬೇಕಾಯಿತು. ಬೆಳಗ್ಗೆ ಕಾಫಿ ಕುಡಿಯುವಾಗ ಅವರ ಫೋನ್ ಇಸಿದುಕೊಂಡು ಒಂದೊಂದೇ ಗುಂಡಿ ಆಫ್ ಮಾಡಿಕೊಟ್ಟೆ. ಸಂಜೆ ಇಬ್ಬರೂ ಪ್ರಾಮ್ ತಳ್ಳಿಕೊಂಡು ದಂಡೆಗೆ ಹೋದೆವು. "ಅಗೋ ಆ ಕಂಬ ಇದೆಯಲ್ಲ, ಅದರಾಚೆ ಸ್ವಿಟ್ಜರ್ಲೆಂಡು" ಅಂದೆ.

"ಹೌದೇನ್ರೀ! ತಡೀರಿ, ನಮ್ಮನೆಯವರಿಗೆ ತೋರಿಸ್ತೀನಿ" ಅಂತ ಅವರು ಆಗಲೇ ಫೋನ್ ಎತ್ತಿ ಹಿಡಿದಿದ್ದರು.