ಒಂಬತ್ತನೇ ತರಗತಿಗೆ ಯಾವ ಇಲೆಕ್ಟಿವ್? ಮಗು ಏನು ಮಾಡುತ್ತೆ ಅಂತ ಮೊದಲು ಕೇಳಿ

ಎರಡು ತಿಂಗಳ ಹಿಂದೆ ಮಗಳು ಇಲ್ಲಿ ಸಿಡ್ನಿಯ ತನ್ನ ಶಾಲೆಯಿಂದ ಒಂದು ಪುಸ್ತಿಕೆ ತಂದು ಊಟದ ಮೇಜಿನ ಮೇಲೆ ಇಟ್ಟಳು. ಅವಳೀಗ ಎಂಟನೇ ತರಗತಿ. ಮುಂದಿನ ವರ್ಷಕ್ಕೆ ಇಲೆಕ್ಟಿವ್, ಅಂದರೆ ಐಚ್ಛಿಕ ವಿಷಯಗಳನ್ನು, ಆರಿಸಿ ಎರಡು ವಾರದಲ್ಲಿ ಫಾರ್ಮ್ ತುಂಬಬೇಕಿತ್ತು. ಆ ಭಾನುವಾರ ಕನ್ನಡ ತರಗತಿ ಬಿಡುವುದನ್ನು ಕಾಯುತ್ತ ನಾಲ್ಕೈದು ಜನ ಅಪ್ಪ ಅಮ್ಮಂದಿರು ಹೊರಗೆ ನಿಂತಿದ್ದೆವು. ಎಲ್ಲರ ಮನೆಯಲ್ಲೂ ಇದೇ ಪುಸ್ತಿಕೆ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾವುದಕ್ಕೆ ಸ್ಕೇಲಿಂಗ್ ಚೆನ್ನಾಗಿದೆ? ಅಂದರೆ, ಯೂನಿವರ್ಸಿಟಿ ಪ್ರವೇಶದ ಲೆಕ್ಕದಲ್ಲಿ ಯಾವ ವಿಷಯದ ಅಂಕ ಹೆಚ್ಚು ಏರುತ್ತೆ ಅಂತ. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ. ಆದರೆ ಮನೆಗೆ ಬಂದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು, ಯಾಕೆಂದರೆ ಮಗನ ವಿಷಯದಲ್ಲಿ ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಅದು ತಪ್ಪು ಪ್ರಶ್ನೆಯಾಗಿತ್ತು.

ಸಿಡ್ನಿಗೆ ಹೊಸದಾಗಿ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೈಸ್ಕೂಲು ಏಳನೇ ತರಗತಿಯಿಂದ ಶುರು. ಏಳು ಮತ್ತು ಎಂಟರಲ್ಲಿ ಟೆಕ್ನಾಲಜಿ ಎಲ್ಲರಿಗೂ ಕಡ್ಡಾಯ, ಒಟ್ಟು 200 ಗಂಟೆ. ಮಕ್ಕಳು ಸರದಿಯ ಮೇಲೆ ಅಡುಗೆಮನೆ, ಮರಗೆಲಸದ ವರ್ಕ್‌ಶಾಪ್, ಹೊಲಿಗೆ ಕೋಣೆ, ಕಂಪ್ಯೂಟರ್ ಲ್ಯಾಬ್ ಎಲ್ಲ ಸುತ್ತಿ ಬರುತ್ತಾರೆ. ಒಂಬತ್ತಕ್ಕೆ ಬಂದಾಗ ಇಂಗ್ಲಿಷ್, ಗಣಿತ, ವಿಜ್ಞಾನ ಇವೆಲ್ಲ ಹಾಗೇ ಇರುತ್ತವೆ, ಉಳಿದ ಜಾಗಕ್ಕೆ ಎರಡೋ ಮೂರೋ ವಿಷಯ ಮಗುವೇ ಆರಿಸಿಕೊಳ್ಳಬೇಕು. ಡಿಸೈನ್ ಆಂಡ್ ಟೆಕ್ನಾಲಜಿ, ಫುಡ್ ಟೆಕ್ನಾಲಜಿ, ಟೆಕ್ಸ್‌ಟೈಲ್ಸ್, ಗ್ರಾಫಿಕ್ಸ್, ಇಂಡಸ್ಟ್ರಿಯಲ್ ಟೆಕ್ನಾಲಜಿ, ಕಂಪ್ಯೂಟಿಂಗ್, ಹೀಗೆ ಪಟ್ಟಿ ಉದ್ದ. ಎಲ್ಲ ಶಾಲೆಯಲ್ಲೂ ಎಲ್ಲವೂ ಸಿಗಲ್ಲ. ವರ್ಕ್‌ಶಾಪ್ ಇರಬೇಕು, ಕಲಿಸುವವರು ಇರಬೇಕು, ಸಾಕಷ್ಟು ಮಕ್ಕಳು ಹೆಸರು ಕೊಡಬೇಕು.

ಈಗ ಸ್ಕೇಲಿಂಗ್ ವಿಷಯ. ಯೂನಿವರ್ಸಿಟಿ ಪ್ರವೇಶಕ್ಕೆ ಬೇಕಾದ ಏಟಾರ್ ಅನ್ನುವ ರ‍್ಯಾಂಕ್ ಲೆಕ್ಕ ಹಾಕುವುದು ಎಚ್‌ಎಸ್‌ಸಿ ಅಂಕಗಳಿಂದ. ಎಚ್‌ಎಸ್‌ಸಿ ಅಂದರೆ ಶಾಲೆ ಮುಗಿಸುವ ಸರ್ಟಿಫಿಕೇಟ್, ಹನ್ನೊಂದು, ಹನ್ನೆರಡರ ಮಾತು. ಒಂಬತ್ತು, ಹತ್ತರ ಇಲೆಕ್ಟಿವ್‌ನ ಒಂದು ಅಂಕವೂ ಆ ಲೆಕ್ಕಕ್ಕೆ ಹೋಗುವುದಿಲ್ಲ. ಅಲ್ಲಿ ಸ್ಕೇಲಿಂಗ್ ಅನ್ನುವುದೇ ಇಲ್ಲ! ಇದು ಗೊತ್ತಿದ್ದೂ ನಾವು ಹೆದರುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಅಂತ ಒಂದೊಂದು ಮೆಟ್ಟಿಲಲ್ಲೂ ಅಂಕ ಎಣಿಸಿಕೊಂಡು ಬಂದವರು ನಾವು, ಲೆಕ್ಕಕ್ಕೆ ಬರದ ಎರಡು ವರ್ಷ ಅಂದರೆ ನಮಗೆ ವ್ಯರ್ಥ ಅನಿಸುತ್ತೆ. ನನಗೆ ಈಗ ಅದೇ ಎರಡು ವರ್ಷ ಅತ್ಯಂತ ಬೆಲೆಯುಳ್ಳದ್ದು ಅನಿಸುತ್ತಿದೆ. ಮಗು ಒಂದು ವಸ್ತು ಮಾಡಿ, ಕೆಡಿಸಿ, ಮತ್ತೆ ಮಾಡುವುದಕ್ಕೆ ಇಷ್ಟು ಸಮಯ ಶಾಲೆಯೊಳಗೆ ಇನ್ನು ಮುಂದೆ ನಿಶ್ಚಿಂತೆಯಾಗಿ ಸಿಗಲ್ಲ.

ಮಗನಿಗೆ ಆಗ ನಾವು ಆರಿಸಿದ್ದು ಕಾಮರ್ಸ್, ಕಂಪ್ಯೂಟರ್ ಮತ್ತು ಒಂದು ಭಾಷೆ. ಅವನಿಗೆ ಮರಗೆಲಸ ಬೇಕಿತ್ತು. ಎಂಟನೇ ತರಗತಿಯಲ್ಲಿ ಒಂದು ಸಣ್ಣ ಸ್ಟೂಲ್ ಮಾಡಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಹುಡುಗ. "ಅದನ್ನು ಮನೆಯಲ್ಲಿ ಮಾಡಬಹುದು ಬಿಡೋ" ಅಂದೆ. ಮನೆಯಲ್ಲಿ ಎಲ್ಲಿ? ನಮ್ಮದು ಎರಡು ಬೆಡ್‌ರೂಮಿನ ಯೂನಿಟ್, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಟ್ಟರೆ ಕಾಲಿಡಲು ಜಾಗ ಇಲ್ಲ. ಆಮೇಲೆ ಹನ್ನೊಂದಕ್ಕೆ ಬಂದಾಗ ಅವನು ಹಟ ಹಿಡಿದು ಡಿಸೈನ್ ಆಂಡ್ ಟೆಕ್ನಾಲಜಿ ತೆಗೆದುಕೊಂಡ. ಹಿಂದೆ ಓದಿರಲೇಬೇಕು ಅನ್ನುವ ನಿಯಮ ಏನೂ ಇಲ್ಲ, ಸೇರಿಕೊಂಡ. ಆ ವಿಷಯದ ಎಚ್‌ಎಸ್‌ಸಿಯಲ್ಲಿ ಬರೆಯುವ ಪರೀಕ್ಷೆಗೆ 40 ಅಂಕ, ಮೇಜರ್ ಡಿಸೈನ್ ಪ್ರಾಜೆಕ್ಟ್‌ಗೆ 60. ಪ್ರಾಜೆಕ್ಟ್ ಅಂದರೆ ಸುಮ್ನೆ ಒಂದು ವಸ್ತು ಮಾಡಿ ಕೊಡುವುದಲ್ಲ, ಅದರ ಜೊತೆಗೆ ಫೋಲಿಯೋ ಕೊಡಬೇಕು. ಯಾರಿಗೆ ಏನು ಬೇಕಿತ್ತು, ಏನೇನು ಯೋಚಿಸಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ, ಯಾವ ಜೋಡಣೆ ಮುರಿಯಿತು, ಅದನ್ನು ಹೇಗೆ ಸರಿಮಾಡಿದೆ, ಎಲ್ಲ ದಾಖಲೆ ಇರಬೇಕು. ಅವನ ಕೈ ಚೆನ್ನಾಗಿತ್ತು. ಆದರೆ ಯೋಚನೆಯನ್ನು ಹಾಳೆಯ ಮೇಲೆ ಇಳಿಸುವ ಅಭ್ಯಾಸ ಒಂದು ದಿನವೂ ಮಾಡಿರಲಿಲ್ಲ. ಒಂಬತ್ತರಿಂದಲೇ ಆ ವಿಷಯ ಓದಿದ್ದ ಅವನ ಗೆಳೆಯರಿಗೆ ಅದು ಹಲ್ಲುಜ್ಜಿದಷ್ಟು ಸಹಜ. ರಾತ್ರಿ ಹನ್ನೊಂದು ಗಂಟೆಗೆ ಮೂರು ತಿಂಗಳ ಹಿಂದಿನ ಮಾದರಿಯ ಫೋಟೋ ಇದೆಯಾ ಅಂತ ಫೋನಿನಲ್ಲಿ ಹುಡುಕುತ್ತ ಕೂತಿದ್ದನ್ನು ನೋಡಿ ನನಗೆ ಹೊಟ್ಟೆ ಸಂಕಟ ಆಯಿತು. ಆ ಅಭ್ಯಾಸ ಅವನಿಗೆ ಎರಡು ವರ್ಷ ಮೊದಲೇ ಸಿಗುತ್ತಿತ್ತು, ನಾನೇ ತಪ್ಪಿಸಿದ್ದೆ.

ಹಾಗಾಗಿ ಮಗಳ ಪುಸ್ತಿಕೆಯನ್ನು ಈ ಸಲ ಬೇರೆ ಥರ ಓದಿದೆವು. ವಿಷಯದ ಹೆಸರು ನೋಡಲಿಲ್ಲ. ಪ್ರತಿಯೊಂದರಲ್ಲೂ ಎರಡು ವರ್ಷದಲ್ಲಿ ಏನು ಮಾಡಿಸುತ್ತಾರೆ ಅಂತ ಹುಡುಕಿದೆವು. ಹೆಸರು ನಂಬಿ ಹೋದರೆ ಮೋಸ ಹೋಗುವುದು ಖಂಡಿತ. ಫುಡ್ ಟೆಕ್ನಾಲಜಿ ಅಂದರೆ ಅಡುಗೆ ಕ್ಲಾಸು ಅಂದುಕೊಳ್ಳುತ್ತಾರೆ. ಅಡುಗೆ ಇದೆ, ಹೌದು. ಅದರ ಜೊತೆಗೆ ಆಹಾರ ಯಾರಿಗೆ ಸಿಗುತ್ತೆ ಯಾರಿಗೆ ಸಿಗಲ್ಲ ಅನ್ನುವುದು, ಹೊಸ ತಿನಿಸೊಂದನ್ನು ಮಾರುಕಟ್ಟೆಗೆ ತರುವ ಬಗೆ, ವಿಶೇಷ ಪಥ್ಯ ಬೇಕಾದವರ ಊಟ, ಎಲ್ಲ ಬರುತ್ತೆ, ಬರೆಯುವುದೂ ಬೇಕಾದಷ್ಟಿದೆ. ಇಂಡಸ್ಟ್ರಿಯಲ್ ಟೆಕ್ನಾಲಜಿ ಅನ್ನುವುದು ಒಂದೇ ವಿಷಯವಲ್ಲ, ಮರ, ಲೋಹ, ಎಲೆಕ್ಟ್ರಾನಿಕ್ಸ್, ಎಂಜಿನಿಯರಿಂಗ್ ಅಂತ ಬೇರೆ ಬೇರೆ ಕವಲು. ನಿಮ್ಮ ಶಾಲೆಯಲ್ಲಿ ಯಾವುದು ಅಂತ ಕೇಳದೆ ಟಿಕ್ ಹಾಕಬೇಡಿ. ಕಂಪ್ಯೂಟಿಂಗ್‌ಗೆ 2022ರಲ್ಲಿ ಹೊಸ ಪಠ್ಯಕ್ರಮ ಬಂತು. ಅದರಲ್ಲಿ ಆಪ್ ಮತ್ತು ವೆಬ್ ಕಟ್ಟುವುದು, ಆಟಗಳನ್ನು ಮಾಡುವುದು, ತಾನೇ ಚಲಿಸುವ ಯಂತ್ರಗಳು, ಡೇಟಾ ವಿಶ್ಲೇಷಣೆ, ಬಳಸುವವರ ಅನುಭವಕ್ಕೆ ತಕ್ಕಂತೆ ವಿನ್ಯಾಸ, ಎಲ್ಲ ಇದೆ. ಒಳ್ಳೆಯ ಪಠ್ಯ, ನಾನೇ ಸಾಫ್ಟ್‌ವೇರ್‌ನಲ್ಲಿ ಇರುವವಳು, ನೋಡಿ ಖುಷಿಯಾಯಿತು. ಆದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗುವಿಗೆ ಕೋಡಿಂಗ್ ಕಲಿಯಲು ನೂರು ದಾರಿ. ಬ್ಯಾಂಡ್ ಸಾ, ಓವರ್‌ಲಾಕ್ ಮೆಷಿನ್, ಲೇಸರ್ ಕಟರ್, ಪಕ್ಕದಲ್ಲೇ ನಿಂತು ಕೈ ಹಿಡಿದು ತೋರಿಸುವ ಟೀಚರ್, ಇದು ಶಾಲೆಯಲ್ಲಿ ಮಾತ್ರ. ಅದಕ್ಕೇ ಕಂಪ್ಯೂಟರ್ ಒಂದು ಇರಲಿ, ಜೊತೆಗೆ ಕೈಗೆ ತಾಗುವ ವಸ್ತುವಿನ ವಿಷಯ ಒಂದಾದರೂ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ವರ್ಕ್‌ಶಾಪ್‌ನಲ್ಲಿ ಹುಡುಗರೇ ಜಾಸ್ತಿ ಅಂತ ಮಗಳು ಹಿಂಜರಿದಳು. ಶಾಲೆ ನೋಡಲು ಎಲ್ಲರನ್ನೂ ಕರೆಯುವ ಓಪನ್ ನೈಟ್ ದಿನ ಅವಳನ್ನು ಕರೆದುಕೊಂಡು ಹೋಗಿ ಟೀಚರ್ ಹತ್ತಿರ ನೇರವಾಗಿ ಕೇಳಿದೆ. ಹೆಣ್ಣುಮಕ್ಕಳು ಎಷ್ಟು ಜನ, ಯಾವ ಯಂತ್ರ ಮುಟ್ಟಲು ಬಿಡುತ್ತೀರಿ, ಸಾಮಾನಿನ ಫೀಸ್ ಎಷ್ಟು, ಫೋಲಿಯೋ ಎಷ್ಟು ಪುಟ. ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಅಂಥ ಪ್ರಶ್ನೆ ಬಂದರೆ ಟೀಚರ್‌ಗೂ ಸಂತೋಷ ಆಗುತ್ತೆ. ಸಾಧ್ಯ ಆದರೆ ಎಚ್‌ಎಸ್‌ಸಿ ಮಕ್ಕಳ ಆಯ್ದ ಕೆಲಸಗಳ ಪ್ರದರ್ಶನ "ಶೇಪ್" ನಡೆಯುವಾಗ ಎಂಟನೇ ತರಗತಿಯವರನ್ನೂ ಕರೆದುಕೊಂಡು ಹೋಗಿ.

ಅವಳು ಎಂಟರಲ್ಲಿ ಮಾಡಿದ ಪೈನ್ ಮರದ ಪೆಟ್ಟಿಗೆ ನನ್ನ ಮುಂದೆಯೇ ಇದೆ. ಅಂಗೈ ಅಗಲದ್ದು. ಮೂರು ಮೂಲೆ ಬಿಗಿಯಾಗಿ ಕೂತಿವೆ, ನಾಲ್ಕನೆಯದರಲ್ಲಿ ಬೆಳಕು ತೂರುವಷ್ಟು ಸಂದು. ಅದರ ಫೋಲಿಯೋದ ಕೊನೆ ಪುಟದಲ್ಲಿ, ಮುಂದಿನ ಸಲ ಏನು ಬದಲಿಸುತ್ತೀಯ ಅನ್ನುವ ಪ್ರಶ್ನೆಗೆ ಅವಳು ಬರೆದದ್ದು ಇಷ್ಟು: ಗರಗಸಕ್ಕೂ ಒಂದು ದಪ್ಪ ಇದೆ, ನಾನು ಗೆರೆಯ ಮೇಲೆಯೇ ಕೊಯ್ದೆ, ಬೇಡದ ಬದಿಗೆ ಗುರುತು ಹಾಕಿಕೊಂಡು ಆ ಬದಿಯಲ್ಲಿ ಕೊಯ್ಯಬೇಕಿತ್ತು. ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತೆ. ಧಾರವಾಡದಲ್ಲಿ ನಾನು ಹೈಸ್ಕೂಲು ಓದುವಾಗ ಕಾರ್ಯಾನುಭವ ಅಂತ ಒಂದು ಪೀರಿಯಡ್ ಇತ್ತು. ಗಣಿತದ ಪಾಠ ಹಿಂದೆ ಬಿದ್ದರೆ ಅದು ಗಣಿತಕ್ಕೆ ಹೋಗುತ್ತಿತ್ತು, ಹಿಂದೆ ಬೀಳದಿದ್ದರೆ ಮೈದಾನದ ಕಸ ಆರಿಸಲು. ಅರ ಹಿಡಿದು ಕಬ್ಬಿಣ ಉಜ್ಜಿದ್ದು ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ. ಎರಡು ತಗಡನ್ನು ವಿ ಆಕಾರದಲ್ಲಿ ಕೂಡಿಸಿ ಕಿಟಕಿಗೆ ಹಿಡಿದು ಬೆಳಕು ತೂರುತ್ತಾ ಅಂತ ನೋಡುತ್ತಿದ್ದರು. ತೂರಿದರೆ ಅಂಕ ಕಡಿಮೆ, ಅಷ್ಟೇ. ಯಾಕೆ ತೂರಿತು ಅಂತ ಯಾರೂ ಬರೆಸಲಿಲ್ಲ. ಹದಿಮೂರು ವರ್ಷದ ಮಗು ಅದನ್ನು ತಾನೇ ಕಂಡುಕೊಂಡು ತನ್ನ ಮಾತಲ್ಲಿ ಬರೆದಿತ್ತು.

ಕೊನೆಗೆ ಅವಳು ತುಂಬಿದ ಫಾರ್ಮಿನಲ್ಲಿ ಮೊದಲು ಟೆಕ್ಸ್‌ಟೈಲ್ಸ್, ಆಮೇಲೆ ಡಿಸೈನ್ ಆಂಡ್ ಟೆಕ್ನಾಲಜಿ, ಮೂರನೆಯದು ಕಂಪ್ಯೂಟಿಂಗ್. ಟೆಕ್ಸ್‌ಟೈಲ್ಸ್‌ಗೆ ಕಾರಣ ನನ್ನ ಅವ್ವ. ಹೋದ ರಜೆಯಲ್ಲಿ ಊರಿಗೆ ಹೋದಾಗ ಅವ್ವನ ಹಳೇ ಇಳಕಲ್ ಸೀರೆಯ ಕಸೂತಿ ನೋಡಿ, ಇದನ್ನು ಯಾವ ನಕಾಶೆ ಇಟ್ಟುಕೊಂಡು ಹಾಕಿದ್ದು ಅಂತ ಕೇಳಿದ್ದಳು. ನಕಾಶೆಯೇ ಇಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತ ಹೋಗುವುದು, ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಲೆಕ್ಕದಲ್ಲೇ ಹುಟ್ಟುತ್ತವೆ ಅಂತ ಕೇಳಿ ಅವಳಿಗೆ ನಂಬಲಿಕ್ಕೇ ಆಗಲಿಲ್ಲ. ಫೋನಿನಲ್ಲಿ ವಿಷಯ ಹೇಳಿದಾಗ ಅವ್ವ ಮೊದಲು, "ಹೊಲಿಗಿ ಕಲೀಲಿಕ್ಕೂ ಸಾಲ್ಯಾಗ ಮಾರ್ಕ್ಸ್ ಕೊಡ್ತಾರೇನ?" ಅಂತ ಕೇಳಿದಳು. ಕೊಡುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲದಾಗ ಕೊಟ್ಟಿದ್ರ ಛೊಲೋ ಇತ್ತು" ಅಂದಳು.

ಮೊನ್ನೆ ಫಲಿತಾಂಶ ಬಂತು. ಡಿಸೈನ್ ಮತ್ತು ಕಂಪ್ಯೂಟಿಂಗ್ ಸಿಕ್ಕಿವೆ. ಟೆಕ್ಸ್‌ಟೈಲ್ಸ್‌ಗೆ ಮಕ್ಕಳು ಸಾಲದೆ ಕ್ಲಾಸೇ ಇಲ್ಲ, ಅದರ ಬದಲು ನಾಲ್ಕನೆಯ ಆಯ್ಕೆಯಾಗಿ ಬರೆದಿದ್ದ ಫುಡ್ ಟೆಕ್ನಾಲಜಿ ಬಂದಿದೆ. ನೀವೂ ನಾಲ್ಕನೆಯ ಆಯ್ಕೆಯನ್ನು ಯೋಚಿಸಿ ತುಂಬಿ, ಬಹಳ ಜನ ಅಲ್ಲಿ ಕೈಗೆ ಬಂದದ್ದು ಬರೆಯುತ್ತಾರೆ. ಮಗಳು ಒಂದು ಸಂಜೆ ಅತ್ತಳು. ನಾನೇನೂ ಹೇಳಲು ಹೋಗಲಿಲ್ಲ.

ಈಗ ಶನಿವಾರ ಮಧ್ಯಾಹ್ನ ಅಜ್ಜಿಯ ವೀಡಿಯೋ ಕಾಲ್ ನಡೆಯುತ್ತೆ. ಕಸೂತಿಯ ಗವಂತಿ ಅನ್ನುವ ಹೊಲಿಗೆಯಿಂದ ಶುರು ಮಾಡಿದ್ದಾರೆ. ಒಂದು ಸಾಲು ಬಿಟ್ಟು ಬಿಟ್ಟು ಹೊಲಿಯುತ್ತ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತ ವಾಪಸ್ ಬರಬೇಕು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಅವ್ವ ಪ್ರತಿ ಸಲ ಹಿಂಬದಿಯನ್ನೇ ಕ್ಯಾಮೆರಾಕ್ಕೆ ಹಿಡಿ ಅನ್ನುತ್ತಾಳೆ. ಮುಂಬದಿ ನೋಡುವುದೇ ಇಲ್ಲ. ಮಗಳು ಪೆಟ್ಟಿಗೆಯ ಫೋಲಿಯೋದ ಖಾಲಿ ಪುಟಗಳಲ್ಲಿ ಚೌಕ ಎಳೆದು ಎಳೆಗಳ ಲೆಕ್ಕ ಬರೆದುಕೊಳ್ಳುತ್ತಿದ್ದಾಳೆ.

"ಅಜ್ಜಿ, ಮೂರನೇ ಸಾಲಲ್ಲಿ ಒಂದು ಎಳೆ ತಪ್ಪಿದೆ. ಬಿಚ್ಚಲಾ?"

"ಬಿಚ್ಚವಾ. ಅವಸರ ಏನೈತಿ."