‘ಸುಲಭವಾಗಿರಬೇಕು, ಆದರೆ ಕೇಳಿದವರು ಬೆರಗಾಗಬೇಕು’

ವಿದ್ಯಾರ್ಥಿಗಳು ಸಭೆಯೆದುರು ನುಡಿಸುವ ರಿಸೈಟಲ್‌ಗೆ ದಿನ ಗೊತ್ತಾದ ಕೂಡಲೇ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಗಳಲ್ಲಿ ಬರತೊಡಗುತ್ತದೆ. “ಮೇಡಂ, ಮಗುವಿಗೆ ಯಾವುದಾದರೂ ಸುಲಭವಾದ ಕ್ಲಾಸಿಕಲ್ ಪೀಸ್ ಹೇಳಿ, ಆದರೆ ಕೇಳಿದವರು ಬೆರಗಾಗಬೇಕು.” ಬೆಂಗಳೂರಿನಲ್ಲಿ ಹದಿನೇಳು ವರ್ಷಗಳಿಂದ ಪಿಯಾನೊ ಕಲಿಸುತ್ತಿರುವ ನಾನು ಇದಕ್ಕೆ ಮೊದಮೊದಲು ನಗುತ್ತ, ಆಮೇಲೆ ಸಮಾಧಾನದಿಂದ, ಈಚೆಗೆ ಹಲ್ಲು ಕಚ್ಚಿಕೊಂಡು ಉತ್ತರಿಸಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಬರೆದಿಡುತ್ತೇನೆ.

ನನ್ನ ತಕರಾರು ಇರುವುದು ಆ ‘ಆದರೆ’ಯ ಮೇಲೆ. ಇದೇ ತಂದೆತಾಯಿಗಳು ಸಂಗೀತದ ಮೇಷ್ಟ್ರ ಬಳಿ ಹೋಗಿ, “ಮಗಳಿಗೆ ಜಂಟಿ ವರಸೆ ಮುಗಿದಿದೆ, ಮುಂದಿನ ತಿಂಗಳು ಸಭೆಯಲ್ಲಿ ಹಾಡುವುದಕ್ಕೆ ತೋಡಿಯಂತೆ ಕೇಳಿಸುವ, ಮಲಹರಿಯ ಗೀತೆಯಷ್ಟೇ ಸುಲಭವಾದ ಒಂದನ್ನು ಕೊಡಿ” ಎಂದು ಕೇಳುವ ಧೈರ್ಯ ಮಾಡುವುದಿಲ್ಲ. ಪಿಯಾನೊ ಟೀಚರ್ ಮುಂದೆ ಮಾತ್ರ ಆ ಧೈರ್ಯ ಎಲ್ಲಿಂದಲೋ ಬರುತ್ತದೆ. ಒಬ್ಬ ತಂದೆಯಂತೂ, ರಷ್ಯದ ಸಂಗೀತ ರಚನಕಾರ ಮೆಟ್‌ನರ್ ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು (ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ನಮ್ಮ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ್ದನ್ನೂ, ಆತನ ಕೃತಿಗಳ ಧ್ವನಿಮುದ್ರಣಕ್ಕೆ ಒಡೆಯರೇ ಹಣ ಕೊಟ್ಟದ್ದನ್ನೂ ಎಲ್ಲೋ ಓದಿಕೊಂಡು ಬಂದು, “ನಾವು ಮೈಸೂರಿನವರು, ಮಗ ಅದರಲ್ಲೇ ಒಂದು ತುಣುಕು ನುಡಿಸಲಿ” ಎಂದರು. ಮಗ ಆಗಿನ್ನೂ ಪಿಯಾನೊ ಪರೀಕ್ಷೆಗಳ ಎರಡನೆಯ ಗ್ರೇಡ್‌ನಲ್ಲಿದ್ದ.

ಹೆಚ್ಚಿನವರು ಮೆಟ್‌ನರ್‌ವರೆಗೆ ಹೋಗುವುದಿಲ್ಲ, ‘ಫ್ಯೂರ್ ಎಲೀಸ್’ ಹತ್ತಿರವೇ ನಿಲ್ಲುತ್ತಾರೆ. ಬೀಥೋವನ್ 1810ರಲ್ಲಿ ಬರೆದು, ತಾನು ಬದುಕಿರುವವರೆಗೆ ಪ್ರಕಟಿಸದೆ ಇಟ್ಟ ಈ ಪುಟ್ಟ ರಚನೆ ಅಚ್ಚಾದದ್ದು ಅವನು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, 1867ರಲ್ಲಿ. ನಮ್ಮ ಬೀದಿಯ ಒಂದು ಹಳೆಯ ಕಾರು ಹಿಂದಕ್ಕೆ ಬರುವಾಗಲೆಲ್ಲ ಅದರ ಮೊದಲ ಒಂಬತ್ತು ಸ್ವರಗಳನ್ನು ಹಾಡುತ್ತಿತ್ತು. ಜನ ‘ಸುಲಭ’ ಎನ್ನುವುದು ಆ ಒಂಬತ್ತು ಸ್ವರಗಳನ್ನೇ. ಮುಂದೆ ಎಫ್ ಮೇಜರ್ ಎಂಬ ಬೇರೆ ಸ್ವರಶ್ರೇಣಿಗೆ ಹೊರಳುವ ಒಂದು ಭಾಗವೂ, ಎಡಗೈ ಒಂದೇ ಕೀಯನ್ನು ಬಡಿಯುತ್ತ ಗುಡುಗುವ ಇನ್ನೊಂದು ಭಾಗವೂ ಇವೆಯೆಂಬುದು ಗೊತ್ತಾಗುವ ಹೊತ್ತಿಗೆ ಕಾರ್ಯಕ್ರಮಕ್ಕೆ ಹತ್ತೇ ದಿನ ಉಳಿದಿರುತ್ತದೆ.

ಆರು ವರ್ಷಗಳ ಹಿಂದೆ ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ನಾನೂ ಇದಕ್ಕೆ ಒಪ್ಪಿಬಿಟ್ಟೆ, ಆ ತಪ್ಪು ನನ್ನದೇ. ಈ ರಚನೆಯಲ್ಲಿ ಮೊದಲ ಭಾಗ ಮುಗಿದ ಮೇಲೆ ‘ಇ’ ಸ್ವರ ಕೆಳಗಿನಿಂದ ಮೇಲಕ್ಕೆ ನೆಗೆಯುತ್ತ ಹೋಗಿ, ಪಕ್ಕದ ಕಪ್ಪು ಕೀಯೊಂದಿಗೆ ಒಂದಷ್ಟು ಹೊತ್ತು ತೂಗಾಡಿ, ಮತ್ತೆ ಆರಂಭದ ರಾಗಕ್ಕೆ ಬಂದು ಸೇರುತ್ತದೆ. ಆ ರಾಗದ ಕೊನೆಯಲ್ಲಿ ಒಂದು ದಾರಿ ಮತ್ತೆ ಅದೇ ನೆಗೆತಕ್ಕೆ ಹೋಗುತ್ತದೆ, ಇನ್ನೊಂದು ದಾರಿ ಎಫ್ ಮೇಜರ್‌ಗೆ ತೆರೆದುಕೊಳ್ಳುತ್ತದೆ. ಮನೆಯ ಹಗುರ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡಿದ್ದ ಹುಡುಗ ಸಭಾಂಗಣದ ಪಿಯಾನೊದ ತೂಕದ ಕೀಗಳ ಮೇಲೆ ಬೆರಳಿಟ್ಟೊಡನೆ ಬೆವರಿದ. ಎರಡನೆಯ ದಾರಿ ಅವನ ಕೈಗೆ ಸಿಗಲೇ ಇಲ್ಲ. ಒಂದು ಸುತ್ತು ಬಂದ, ಎರಡು ಸುತ್ತು ಬಂದ, ಮೂರನೆಯದಕ್ಕೆ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವನ ತಂದೆ ಎದುರಿನ ಸಾಲಿನಲ್ಲಿ ನಿಂತು ಹೆಮ್ಮೆಯಿಂದ ವಿಡಿಯೊ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಯಾರದೋ ಅಜ್ಜಿ ನನ್ನ ಕಡೆ ಬಾಗಿ, “ಎಷ್ಟು ಉದ್ದದ ಹಾಡಮ್ಮ, ಒಂದು ಸಲವೂ ಪುಸ್ತಕ ನೋಡದೆ ನುಡಿಸ್ತಾನೆ” ಎಂದರು. ಐದನೆಯ ಸುತ್ತಿನ ಕೊನೆಗೆ ಹುಡುಗ ಥಟ್ಟನೆ ಕೈ ಎತ್ತಿ, ಎದ್ದು ನಿಂತು ನಮಸ್ಕಾರ ಮಾಡಿದ. ಆ ಸಂಜೆ ಅಷ್ಟು ಜೋರಾದ ಚಪ್ಪಾಳೆ ಮತ್ತಾರಿಗೂ ಬೀಳಲಿಲ್ಲ.

‘ಕೇಳಿದವರು ಬೆರಗಾಗಬೇಕು’ ಎಂಬ ಷರತ್ತಿನ ಬೆಲೆ ಎಷ್ಟೆಂದು ನನಗೆ ಆ ದಿನ ಅರ್ಥವಾಯಿತು. ಕೇಳಿದವರೇನೋ ಬೆರಗಾಗಿದ್ದರು, ನಡೆದದ್ದೇನೆಂದು ಗೊತ್ತಿದ್ದದ್ದು ನನಗೂ ಅವನಿಗೂ ಮಾತ್ರ. ಮೂರು ವಾರ ತರಗತಿಗೆ ಬಾರದಿದ್ದ ಹುಡುಗ ನಾಲ್ಕನೆಯ ವಾರ ಬಂದು, ಸ್ಟೂಲಿನ ಮೇಲೆ ಕೂರುವ ಮೊದಲೇ, “ಮಿಸ್, ಆಚೆ ಬರೋ ದಾರಿ ಯಾವ್ದಿತ್ತು?” ಎಂದು ಕೇಳಿದ.

ಇಷ್ಟು ವರ್ಷಗಳಲ್ಲಿ ಯಾವ ತಂದೆಯೂ ತಾಯಿಯೂ ಕೇಳದ, ಆದರೆ ಎಲ್ಲರೂ ಕೇಳಲಿ ಎಂದು ನಾನು ಆಸೆಪಡುವ ಪ್ರಶ್ನೆ ಇದು: ನಡುವೆ ಕೈ ತಪ್ಪಿದರೆ ಎಲ್ಲಿಂದ ಹಿಡಿದುಕೊಳ್ಳಬಹುದು? ವೇದಿಕೆಯ ಮೇಲೆ ಕೈ ನಡುಗುವುದು ಖಂಡಿತ, ಮನೆಯಲ್ಲಿ ಬಾರದ ಮರೆವು ಅಲ್ಲಿ ಬರುವುದೂ ಖಂಡಿತ. ಆದ್ದರಿಂದ ನಾನು ಪೀಸ್ ಆರಿಸುವಾಗ ಮೊದಲು ನೋಡುವುದು ಅದರಲ್ಲಿ ಎಷ್ಟು ಬಾಗಿಲುಗಳಿವೆ ಎಂಬುದನ್ನು.

ಈ ಲೆಕ್ಕದಲ್ಲಿ ನನ್ನ ಮೊದಲ ಉತ್ತರ ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್, 1722ರ ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಸಂಪುಟದ ಮೊಟ್ಟಮೊದಲ ರಚನೆ. ಮೂವತ್ತೈದು ಬಾರ್‌ಗಳಲ್ಲಿ (ಬಾರ್ ಎಂದರೆ ತಾಳದ ಒಂದು ಆವರ್ತದಂಥ ಅಳತೆ) ಕೊನೆಯ ಮೂರನ್ನು ಬಿಟ್ಟರೆ ಉಳಿದೆಲ್ಲವೂ ಒಂದೇ ನೇಯ್ಗೆಯವು: ಎಡಗೈಗೆ ಎರಡು ಸ್ವರ, ಬಲಗೈಗೆ ಮೂರು, ಪ್ರತಿ ಬಾರಿನಲ್ಲೂ ಅದನ್ನೇ ಎರಡು ಸಲ ಬಿಡಿಸುವುದು. ಐದು ಸ್ವರಗಳನ್ನೂ ಒಟ್ಟಿಗೆ ಒತ್ತಿ ಕಾರ್ಡ್‌ಗಳಾಗಿ ಮೊದಲು ಕಲಿತುಬಿಟ್ಟರೆ ಬೆರಳಿಗೆ ಹೊಸದಾಗಿ ಕಲಿಯುವುದು ಬಹಳ ಉಳಿಯುವುದಿಲ್ಲ. 24ನೆಯ ಬಾರಿನಿಂದ ಎಡಗೈಯ ಕೆಳಸ್ವರ ಎಂಟು ಬಾರ್‌ಗಳ ಕಾಲ ‘ಜಿ’ ಬಿಟ್ಟು ಕದಲುವುದಿಲ್ಲ. ಮೊದಲೆಲ್ಲೋ ದಾರಿ ತಪ್ಪಿದ ಮಗು ನೇರವಾಗಿ ಆ ‘ಜಿ’ಗೆ ನೆಗೆದರೂ ಸಭೆಯಲ್ಲಿ ಹುಬ್ಬೇರಿಸುವವರು ಒಬ್ಬಿಬ್ಬರಷ್ಟೇ.

ಸದ್ದು ಬೇಕೇ ಬೇಕು, ವೇಗ ಬೇಕೇ ಬೇಕು ಎನ್ನುವವರಿಗೆ ಕಬಲೆವ್‌ಸ್ಕಿಯ ‘ಟೊಕಾಟಿನಾ’. ಬಲಗೈ ಮೂರು ಸ್ವರಗಳ ಕಾರ್ಡನ್ನು ಒಂದೇ ಆಕಾರದಲ್ಲಿ ಹಿಡಿದು ಅತ್ತಿತ್ತ ಜಾರಿಸಿದರಾಯಿತು, ರಾಗವಿರುವುದು ಎಡಗೈಯಲ್ಲಿ. ಕೇಳುವವರಿಗೆ ಬಿರುಗಾಳಿ, ನುಡಿಸುವವರಿಗೆ ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತುವ ಕೆಲಸ. ಬುರ್ಗ್‌ಮ್ಯುಲ್ಲರನ ‘ಅರಬೆಸ್ಕ್’ ಕೂಡ ಇದೇ ಜಾತಿಯದು, ಬಲಗೈಯ ಐದು ಬೆರಳುಗಳ ವ್ಯಾಪ್ತಿಯಲ್ಲಿ ಸರ್ರನೆ ಓಡುತ್ತದೆ. ಆದರೆ ನಡುಭಾಗದಲ್ಲಿ ಅದೇ ಓಟ ಎಡಗೈಗೆ ಬಂದಾಗ ಅದುವರೆಗೆ ಆರಾಮವಾಗಿದ್ದ ಆ ಕೈ ಬಂಡೇಳುತ್ತದೆ. ಆದ್ದರಿಂದ ನಾನು ಅದನ್ನು ಮಧ್ಯದಿಂದಲೇ ಕಲಿಸಲು ಶುರುಮಾಡುತ್ತೇನೆ. ದೊಡ್ಡವರಾದ ಮೇಲೆ ಕಲಿಯಲು ಬಂದವರಿಗೆ ಶೋಪಾನ್‌ನ ಎ ಮೈನರ್ ವಾಲ್ಟ್ಸ್ ಕೊಡುತ್ತೇನೆ: ಅದರಲ್ಲಿ ಬಲಗೈ ಒಮ್ಮೆ ಕೀಲಿಮಣೆಯ ಮೇಲ್ತುದಿಯತ್ತ ಏರಿ ಹೋಗುವ ಜಾಗವೊಂದಿದೆ, ಮನೆಮಂದಿಯ ಬೆರಗಿಗೆ ಅಷ್ಟು ಸಾಕು.

‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನು ಕೇಳಬೇಡಿ. ನಿಧಾನವಾಗಿದೆ ಎಂದ ಮಾತ್ರಕ್ಕೆ ಸುಲಭವಾಗುವುದಿಲ್ಲ. ಬಲಗೈಯ ಮೂರು ಬೆರಳು ಮೃದುವಾಗಿ ತ್ರಿವಳಿಗಳನ್ನು (ಮೂರು ಮೂರರ ಸ್ವರಗುಚ್ಛಗಳನ್ನು) ನುಡಿಸುತ್ತಿರುವಾಗ ಅದೇ ಕೈಯ ಕಿರುಬೆರಳು ಅವುಗಳ ಮೇಲೆ ಹಾಡಬೇಕು; ಸಾಲದ್ದಕ್ಕೆ ಬೀಥೋವನ್ ಇಡೀ ಭಾಗವನ್ನು ತಂತಿಗಳ ನಾದ ತಡೆಯದೆ ನುಡಿಸಬೇಕೆಂದು ಮೇಲೆಯೇ ಬರೆದಿದ್ದಾನೆ, ಅದನ್ನು ಇಂದಿನ ಪಿಯಾನೊದ ಮೇಲೆ ಅಕ್ಷರಶಃ ಪಾಲಿಸಿ ಪೆಡಲ್ ಒತ್ತಿಯೇ ಇಟ್ಟರೆ ಸ್ವರಗಳೆಲ್ಲ ಕಲಸಿ ಅಂಬಲಿಯಾಗುತ್ತದೆ. ಫ್ರೆಂಚ್ ರಚನಕಾರ ಎರಿಕ್ ಸಾತಿಯ ನಿಧಾನಗತಿಯ ಮೊದಲ ‘ಜಿಮ್ನೊಪೆದಿ’ ನನಗೆ ಬಹಳ ಪ್ರಿಯ. ಆದರೆ ಹದಿನೆಂಟು ಮಕ್ಕಳ ಕಾರ್ಯಕ್ರಮದಲ್ಲಿ ಹದಿನೈದನೆಯದಾಗಿ ಅದು ಬಂದರೆ, ಹೊರಗೆ ಬಿಸಿಯಾಗಿರುವ ಬೋಂಡದ ವಾಸನೆಯೊಂದಿಗೆ ಸ್ಪರ್ಧಿಸುವ ಶಕ್ತಿ ಅದಕ್ಕಿಲ್ಲ.

ಆ ಹುಡುಗನ ವಿಷಯ ಹೇಳಬೇಕು. ಮರುವರ್ಷ ‘ಟೊಕಾಟಿನಾ’ ನುಡಿಸಿದ. ಅದಕ್ಕೂ ಮೊದಲು ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಐದು ಕಡೆ ಗುರುತು ಹಾಕಿ, ತರಗತಿಯಲ್ಲಿ ನಾನು ‘ಮೂರು’ ಎಂದರೆ ಮೂರನೆಯ ಗುರುತಿನಿಂದ, ‘ಐದು’ ಎಂದರೆ ಐದನೆಯದರಿಂದ ಹಿಡಿಯುವ ಅಭ್ಯಾಸವನ್ನು ಎರಡು ತಿಂಗಳು ಮಾಡಿದೆವು. ವೇದಿಕೆಯಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ತಪ್ಪಿದ, ಮೂರಕ್ಕೆ ಹಾರಿದ, ಮುಗಿಸಿದ. ಅವನ ತಂದೆ ಕಾಫಿ ಲೋಟ ಹಿಡಿದು ಬಂದು, “ಹೋದ ವರ್ಷದ್ದೇ ಇನ್ನೂ ಗ್ರ್ಯಾಂಡ್ ಆಗಿತ್ತು, ಮೇಡಂ” ಎಂದರು.

ಇಷ್ಟೆಲ್ಲ ಓದಿಯೂ ಎರಡು ವಾರವಿರುವಾಗ ಫೋನ್ ಮಾಡುವವರಿದ್ದೀರಿ, ನನಗೆ ಗೊತ್ತು. ನಿಮಗಾಗಿ ನನ್ನ ಬಳಿ ಶೋಪಾನ್‌ನ ಎ ಮೇಜರ್ ಪ್ರಿಲ್ಯೂಡ್ ಇದೆ, 1839ರಲ್ಲಿ ಅಚ್ಚಾದ ಇಪ್ಪತ್ನಾಲ್ಕರ ಗುಂಪಿನಲ್ಲಿ ಏಳನೆಯದು. ಇರುವುದೇ ಹದಿನಾರು ಬಾರ್, ಒಂದು ನಿಮಿಷವೂ ಹಿಡಿಯುವುದಿಲ್ಲ. ಹನ್ನೆರಡನೆಯ ಬಾರಿನಲ್ಲಿ ಮಾತ್ರ ಚಿಕ್ಕ ಕೈಗೆ ನಿಲುಕದಷ್ಟು ಅಗಲದ ಒಂದು ಕಾರ್ಡ್ ಬರುತ್ತದೆ. ಅದರಲ್ಲಿ ಯಾವ ಸ್ವರವನ್ನು ಬಿಟ್ಟರೆ ನಡೆಯುತ್ತದೆ ಎಂಬುದನ್ನು ತರಗತಿಗೆ ಬಂದಾಗ ತೋರಿಸುತ್ತೇನೆ.