ಸೆಕ್ಟರ್ ಗಾತ್ರ ಬದಲಿಸುವ ಮುನ್ನ

ಹಾರ್ಡ್ ಡಿಸ್ಕಿನ ಲಾಜಿಕಲ್ ಸೆಕ್ಟರ್ ಗಾತ್ರವನ್ನು, ಅಂದರೆ ಡಿಸ್ಕು ಕಂಪ್ಯೂಟರಿಗೆ ಹೇಳಿಕೊಳ್ಳುವ ಕನಿಷ್ಠ ತುಂಡಿನ ಅಳತೆಯನ್ನು, 512 ಬೈಟ್‌ನಿಂದ 4096 ಬೈಟ್‌ಗೆ ಏರಿಸಿದರೆ ಡಿಸ್ಕಿನ ವೇಗ ಹೆಚ್ಚುತ್ತದೆಯೇ ಎಂದು ಮೈಸೂರಿನ ಪರಿಚಿತರು ಆಗಾಗ ಕೇಳುತ್ತಾರೆ. ಕಣ್ಣಿಗೆ ಕಾಣುವಷ್ಟು ಹೆಚ್ಚುವುದಿಲ್ಲ ಎಂಬುದೇ ನನ್ನ ಉತ್ತರ. ಹಾಗೆಂದು ಈ ಗಾತ್ರದ ವಿಚಾರವೇ ಕೆಲಸಕ್ಕೆ ಬಾರದ್ದು ಎಂದಲ್ಲ. ಬರೆದವರು ಒಂದು ಅಳತೆಯಲ್ಲಿ ಎಣಿಸಿ, ಓದುವವರು ಇನ್ನೊಂದು ಅಳತೆಯಲ್ಲಿ ಎಣಿಸಿದಾಗ ಅದು ಇಡೀ ಡಿಸ್ಕನ್ನೇ ಖಾಲಿಯೆಂಬಂತೆ ತೋರಿಸಬಲ್ಲದು.

ದಶಕಗಳ ಕಾಲ ಸೆಕ್ಟರ್ ಎಂದರೆ 512 ಬೈಟ್ ಎಂದೇ ಎಲ್ಲರೂ ನಂಬಿದ್ದರು. ಆದರೆ ತಟ್ಟೆಯ ಮೇಲಿನ ಪ್ರತಿ ಸೆಕ್ಟರಿಗೂ ಮಾಹಿತಿಯ ಜೊತೆಗೆ ಒಂದಿಷ್ಟು ಖಾಲಿ ಜಾಗ, ಗುರುತು ಮತ್ತು ದೋಷ ತಿದ್ದುವ ಸಂಕೇತ ಬೇಕಾಗುತ್ತದೆ. 512 ಬೈಟಿನ ಒಂದು ಸೆಕ್ಟರಿಗೆ ದೋಷ ತಿದ್ದುವುದಕ್ಕೇ ಸುಮಾರು 50 ಬೈಟ್ ಖರ್ಚಾಗುತ್ತಿದ್ದರೆ, ಅಂಥ ಎಂಟನ್ನು ಸೇರಿಸಿ 4096 ಬೈಟಿನ ಒಂದೇ ಸೆಕ್ಟರ್ ಮಾಡಿದಾಗ ಸುಮಾರು 100 ಬೈಟ್ ಸಾಕಾಗುತ್ತದೆ, ತಿದ್ದುವ ಶಕ್ತಿಯೂ ಹೆಚ್ಚುತ್ತದೆ. ಇದೇ ಅಡ್ವಾನ್ಸ್ಡ್ ಫಾರ್ಮ್ಯಾಟ್. 2011ರ ಜನವರಿಯ ಹೊತ್ತಿಗೆ ಮೇಜು ಕಂಪ್ಯೂಟರ್ ಮತ್ತು ಲ್ಯಾಪ್‌ಟಾಪ್‌ಗಳ ಹೊಸ ಡಿಸ್ಕುಗಳನ್ನೆಲ್ಲ ಈ ಪದ್ಧತಿಗೆ ತರಲು ತಯಾರಕರು ಒಪ್ಪಿಕೊಂಡಿದ್ದರು. ಹಳೆಯ ತಂತ್ರಾಂಶಗಳಿಗೆ ಮಾತ್ರ 512 ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲವಾದ್ದರಿಂದ, ಒಳಗೆ 4096 ಇಟ್ಟುಕೊಂಡು ಹೊರಗೆ 512 ಎಂದು ಹೇಳಿಕೊಳ್ಳುವ 512ಇ ಡಿಸ್ಕುಗಳು ಬಂದವು. ಒಳಗೂ ಹೊರಗೂ 4096 ಎಂದೇ ಹೇಳುವ ಡಿಸ್ಕಿಗೆ 4ಕೆಎನ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಎಲ್‌ಎಸ್‌ಬಿಎಲ್‌ಕೆ ಆಜ್ಞೆಗೆ ಫಿಸಿಕಲ್ ಮತ್ತು ಲಾಜಿಕಲ್ ಸೆಕ್ಟರ್ ಕಾಲಂಗಳನ್ನು ಕೇಳಿದರೆ ನಿಮ್ಮ ಡಿಸ್ಕು ಯಾವ ಜಾತಿಯದೆಂದು ತಕ್ಷಣ ತಿಳಿಯುತ್ತದೆ.

ವೇಗದ ದೂರು ಹುಟ್ಟಿದ್ದು 512ಇ ಡಿಸ್ಕುಗಳ ಆರಂಭದ ದಿನಗಳಲ್ಲಿ, ಮತ್ತು ಆಗ ಅದಕ್ಕೆ ಕಾರಣವೂ ಇತ್ತು. ವಿಂಡೋಸ್ ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನ ಮೊದಲ ವಿಭಾಗವನ್ನು, 63ನೆಯ ಸೆಕ್ಟರಿನಿಂದ ಆರಂಭಿಸುತ್ತಿತ್ತು. 63 ಎಂಟರಿಂದ ಭಾಗವಾಗುವ ಸಂಖ್ಯೆಯಲ್ಲ. ಹಾಗಾಗಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿನ 4096 ಬೈಟಿನ ಪ್ರತಿಯೊಂದು ಬ್ಲಾಕೂ ಒಳಗಿನ ಎರಡು ಸೆಕ್ಟರುಗಳ ಮೇಲೆ ಅಡ್ಡಲಾಗಿ ಕೂರುತ್ತಿತ್ತು. ಅಂಥ ಬ್ಲಾಕನ್ನು ಬರೆಯಬೇಕಾದರೆ ಡಿಸ್ಕು ಮೊದಲು ಹಳೆಯದನ್ನು ಓದಿ, ಬೇಕಾದಷ್ಟನ್ನು ಬದಲಿಸಿ, ತಟ್ಟೆ ಮತ್ತೊಂದು ಸುತ್ತು ಬರುವವರೆಗೆ ಕಾದು, ಆಮೇಲೆ ಬರೆಯಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತೆಂದರೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಫೈಲುಗಳನ್ನು ರಾಶಿ ರಾಶಿಯಾಗಿ ಬರೆಯುವಾಗ ಇದು ದೊಡ್ಡ ಹೊರೆ. ವೆಸ್ಟರ್ನ್ ಡಿಜಿಟಲ್‌ನವರು ಆಗಿನ ಕೆಲವು ಡಿಸ್ಕುಗಳಲ್ಲಿ 7 ಮತ್ತು 8ನೆಯ ಪಿನ್ನುಗಳಿಗೆ ಜಂಪರ್ (ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ತುಣುಕು) ಹಾಕಿದರೆ ಎಣಿಕೆ ಒಂದು ಮುಂದಕ್ಕೆ ಸರಿಯುವಂತೆ, ಅಂದರೆ ಎಕ್ಸ್‌ಪಿಯ 63 ಡಿಸ್ಕಿನೊಳಗೆ 64 ಆಗುವಂತೆ ಮಾಡಿದ್ದರು. ಇಷ್ಟು ಸರಳವಾದ ಉಪಾಯವನ್ನು ಯಂತ್ರಾಂಶದಲ್ಲಿ ನಾನು ಕಂಡದ್ದು ಕಡಿಮೆ. ವಿಸ್ಟಾದಿಂದ ಈಚೆಗೆ ಪಾರ್ಟಿಷನ್ 2048ನೆಯ ಸೆಕ್ಟರಿನಿಂದ, ಅಂದರೆ ಸರಿಯಾಗಿ 1 ಎಂಬಿಯಿಂದ ಆರಂಭವಾಗುತ್ತದೆ, ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಟಿ4 ಸಾಮಾನ್ಯವಾಗಿ 4096ರ ಬ್ಲಾಕುಗಳಲ್ಲೇ ಬರೆಯುತ್ತವೆ. ಹೀಗಾಗಿ ಇಂದಿನ 512ಇ ಡಿಸ್ಕನ್ನು 4ಕೆಎನ್ ಮಾಡಿಕೊಂಡವರಿಗೆ ಸಿಗುವ ವೇಗದ ಲಾಭ ಹೇಳಿಕೊಳ್ಳುವಂಥದ್ದಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯದಲ್ಲಿ ಫೋಟೊ ಸ್ಟುಡಿಯೊ ನಡೆಸುವ ಗೆಳೆಯರೊಬ್ಬರ ಡಿಸ್ಕು ಒಳ್ಳೆಯ ಉದಾಹರಣೆ. ಹಲವು ವರ್ಷಗಳ ಮದುವೆ ಆಲ್ಬಮ್ಮುಗಳೂ ಮೇಲುಕೋಟೆಯ ವೈರಮುಡಿ ಉತ್ಸವದ ವಿಡಿಯೊಗಳೂ ಇದ್ದ 3 ಟಿಬಿಯ ಯುಎಸ್‌ಬಿ ಡಿಸ್ಕು ಅದು. ಹೊರಗಿನ ಪೆಟ್ಟಿಗೆಯ ಸರ್ಕ್ಯೂಟ್ ಕೈಕೊಟ್ಟಿತೆಂದು ಅವರು ಒಳಗಿನ ಡಿಸ್ಕನ್ನು ತೆಗೆದು ನೇರವಾಗಿ ಕಂಪ್ಯೂಟರಿನ ಸಾಟಾ ಕೇಬಲ್ಲಿಗೆ ಜೋಡಿಸಿದ್ದರು. ವಿಂಡೋಸ್ ಅಲ್ಲಿ 349 ಜಿಬಿಯ ಒಂದು ಪಾರ್ಟಿಷನ್ ತೋರಿಸಿ, ಅದನ್ನು ಫಾರ್ಮ್ಯಾಟ್ ಮಾಡಬೇಕೆಂದು ಕೇಳುತ್ತಿತ್ತು. ಪುಣ್ಯಕ್ಕೆ ಅವರು ಹೂಂ ಎನ್ನದೆ ಡಿಸ್ಕನ್ನು ಮೈಸೂರಿಗೆ ತಂದರು.

ಆ 349 ಎಂಬ ಸಂಖ್ಯೆಯಲ್ಲೇ ಉತ್ತರವಿತ್ತು. 3 ಟಿಬಿಯನ್ನು ಎಂಟರಿಂದ ಭಾಗಿಸಿ ವಿಂಡೋಸ್ ಲೆಕ್ಕಕ್ಕೆ ತಂದರೆ ಬರುವುದು ಅಷ್ಟೇ. ಎಂಬಿಆರ್ ಎಂಬ ಹಳೆಯ ಪದ್ಧತಿಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇರುವುದರಿಂದ 512ರ ಲೆಕ್ಕದಲ್ಲಿ 2 ಟಿಬಿಗೆ ಎಲ್ಲೆ ಮುಗಿಯುತ್ತದೆ, 4096ರ ಲೆಕ್ಕದಲ್ಲಿ 16 ಟಿಬಿಯವರೆಗೆ ಹೋಗಬಹುದು. ಎಕ್ಸ್‌ಪಿ ಬಳಸುವವರಿಗೂ ದೊಡ್ಡ ಡಿಸ್ಕು ಮಾರಲೆಂದು ಕೆಲವು ಯುಎಸ್‌ಬಿ ಪೆಟ್ಟಿಗೆಗಳ ಚಿಪ್ಪು, ಒಳಗಿನ ಡಿಸ್ಕು 512 ಎಂದರೂ, ಕಂಪ್ಯೂಟರಿಗೆ 4096 ಎಂದು ಹೇಳುತ್ತಿತ್ತು. ಪಟ್ಟಿ ಡಿಸ್ಕಿನ ಮೊದಲ 512 ಬೈಟಿನಲ್ಲೇ ಇರುವುದರಿಂದ ಎರಡು ಲೆಕ್ಕದಲ್ಲೂ ಓದಲು ಸಿಗುತ್ತದೆ, ಆದರೆ ಅದರಲ್ಲಿ ಬರೆದಿರುವ ಸಂಖ್ಯೆಯ ಅರ್ಥ ಬೇರೆಯಾಗುತ್ತದೆ. ಇಷ್ಟು ಮಾರು ನಡೆದರೆ ಹೊಲದ ಬದು ಸಿಗುತ್ತದೆ ಎಂದು ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಗೇಣಿನಲ್ಲಿ ಅಳೆದಂತೆ. ಮಾರಿಗೆ ಎಂಟು ಗೇಣೆಂಬ ನಮ್ಮ ಹಳೆಯ ಲೆಕ್ಕ ಇಲ್ಲಿ ಅಕ್ಷರಶಃ ಕೂಡಿ ಬರುತ್ತದೆ. ಪೆಟ್ಟಿಗೆಯಲ್ಲಿದ್ದಾಗ 256ನೆಯ ಸೆಕ್ಟರ್ ಎಂದರೆ 1 ಎಂಬಿಯ ಜಾಗ, ನೇರ ಕೇಬಲ್ಲಿನಲ್ಲಿ ಅದೇ ಸಂಖ್ಯೆ 128 ಕೆಬಿಯ ಜಾಗಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸೊನ್ನೆಗಳ ಹೊರತು ಏನೂ ಇರಲಿಲ್ಲ. ಡಿಸ್ಕು ಜಿಪಿಟಿ ಎಂಬ ಹೊಸ ಪದ್ಧತಿಯ ಪಟ್ಟಿಯಲ್ಲಿದ್ದಿದ್ದರೆ ತೊಂದರೆ ಬೇರೆ ರೂಪದಲ್ಲಿ ಕಾಣುತ್ತಿತ್ತು, ಏಕೆಂದರೆ ಜಿಪಿಟಿಯ ಮುಖ್ಯ ಪಟ್ಟಿಯ ಹೆಡರ್ ಎರಡನೆಯ ಸೆಕ್ಟರಿನಲ್ಲಿ ಇರುತ್ತದೆ ಮತ್ತು ಎರಡನೆಯ ಸೆಕ್ಟರ್ ಎಲ್ಲಿ ಆರಂಭವಾಗುತ್ತದೆ ಎಂಬುದೇ ಇಲ್ಲಿನ ತಕರಾರು.

ಇಂಥ ಸಂದರ್ಭದಲ್ಲಿ ಡಿಸ್ಕಿನ ಸೆಕ್ಟರ್ ಗಾತ್ರವನ್ನು ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು. ಲಿನಕ್ಸಿನಲ್ಲಿ ಲೋಸೆಟಪ್ ಎಂಬ ಆಜ್ಞೆಗೆ ಸೆಕ್ಟರ್ ಗಾತ್ರ 4096, ಓದಲು ಮಾತ್ರ, ಪಾರ್ಟಿಷನ್ ಹುಡುಕು ಎಂಬ ಮೂರು ಆಯ್ಕೆಗಳನ್ನು ಕೊಟ್ಟರೆ, ಅದು ಇದೇ ಡಿಸ್ಕಿನ ಮೇಲೆ 4096ರ ಲೆಕ್ಕದ ಲೂಪ್ ಸಾಧನವೊಂದನ್ನು, ಅಂದರೆ ತೋರಿಕೆಯ ಡಿಸ್ಕೊಂದನ್ನು, ಕಟ್ಟಿಕೊಡುತ್ತದೆ. ಅದರ ಮೊದಲ ಪಾರ್ಟಿಷನ್ನನ್ನು ಮೌಂಟ್ ಮಾಡಿದಾಗ ಫೋಲ್ಡರುಗಳೆಲ್ಲ ಹೆಸರಿನ ಸಮೇತ ಕಾಣಿಸಿಕೊಂಡವು. ರಾತ್ರಿಯಿಡೀ ಬೇರೆ ಡಿಸ್ಕಿಗೆ ನಕಲು ಮಾಡಿದ ನಂತರವೇ ಹಳೆಯದರ ಮೇಲೆ ಹೊಸ ಪಾರ್ಟಿಷನ್ ಬರೆದದ್ದು.

ನಿಜವಾಗಿಯೂ ಗಾತ್ರ ಬದಲಿಸಲೇಬೇಕೆಂದರೆ ಮೊದಲು ಡಿಸ್ಕು ಅದಕ್ಕೆ ಒಪ್ಪಬೇಕು. ಮನೆ ಬಳಕೆಯ ಡಿಸ್ಕುಗಳಲ್ಲಿ ಹೆಚ್ಚಿನವು ಒಪ್ಪುವುದಿಲ್ಲ. ಸೀಗೇಟ್‌ನ ಎಕ್ಸೋಸ್, ವೆಸ್ಟರ್ನ್ ಡಿಜಿಟಲ್‌ನ ಅಲ್ಟ್ರಾಸ್ಟಾರ್‌ನಂಥ ಸರ್ವರ್ ಡಿಸ್ಕುಗಳಲ್ಲಿ ಕೆಲವು ಒಪ್ಪುತ್ತವೆ. ಓಪನ್‌ಸೀಚೆಸ್ಟ್ ಅಥವಾ ಎಚ್‌ಡಿಪಾರ್ಮ್ ಎಂಬ ತಂತ್ರಾಂಶ ಬಳಸಬಹುದು. ಎಚ್‌ಡಿಪಾರ್ಮ್ ಅಂತೂ 'ಪ್ಲೀಸ್ ಡೆಸ್ಟ್ರಾಯ್ ಮೈ ಡ್ರೈವ್' (ದಯವಿಟ್ಟು ನನ್ನ ಡಿಸ್ಕನ್ನು ನಾಶ ಮಾಡು) ಎಂದು ನಾವೇ ಟೈಪು ಮಾಡಿ ಬೇಡಿಕೊಂಡ ಹೊರತು ಮುಂದುವರಿಯುವುದಿಲ್ಲ, ಮತ್ತು ಅದು ತಮಾಷೆಗೆ ಇಟ್ಟ ಹೆಸರಲ್ಲ. ಬದಲಿಸಿದ ಮೇಲೆ ಡಿಸ್ಕಿನಲ್ಲಿದ್ದುದೆಲ್ಲ ಹೋಯಿತೆಂದೇ ತಿಳಿಯಬೇಕು. ಯುಎಸ್‌ಬಿ ಪೆಟ್ಟಿಗೆಯ ಮೂಲಕ ಈ ಕೆಲಸಕ್ಕೆ ಕೈ ಹಾಕಬಾರದು. 4ಕೆಎನ್ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಲು ಕಂಪ್ಯೂಟರಿನಲ್ಲಿ ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ತಂತ್ರಾಂಶ ಇರಬೇಕು, ವಿಂಡೋಸ್ 7 ಅಂಥ ಡಿಸ್ಕಿಗೆ ಬೆಂಬಲ ಕೊಡುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಇದೆಲ್ಲ ಒಂದೇ ಫಾರ್ಮ್ಯಾಟ್ ಆಜ್ಞೆಯಲ್ಲಿ ಮುಗಿಯುತ್ತದೆ, ಆದರೆ ಮಾಹಿತಿ ಅಳಿಯುವುದು ಅಲ್ಲಿಯೂ ತಪ್ಪಿದ್ದಲ್ಲ.

ಬದಲಾವಣೆ ಅನಿವಾರ್ಯವಾಗುವುದು ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಹೊರಬಿದ್ದು ಅಗ್ಗಕ್ಕೆ ಸಿಗುವ ಎಸ್‌ಎಎಸ್ (ಸರ್ವರುಗಳಲ್ಲಿ ಬಳಸುವ ಜೋಡಣೆ ಪದ್ಧತಿ) ಡಿಸ್ಕುಗಳಲ್ಲಿ. ಅವುಗಳಲ್ಲಿ ಹಲವು 520 ಬೈಟಿನ ಸೆಕ್ಟರಿನವು. ಹೆಚ್ಚುವರಿ 8 ಬೈಟನ್ನು ಆ ಯಂತ್ರಗಳು ಮಾಹಿತಿ ಕೆಟ್ಟಿಲ್ಲವೆಂದು ತಾಳೆ ನೋಡಲು ಬಳಸುತ್ತವೆ. ಸಾಮಾನ್ಯ ಲಿನಕ್ಸಿಗೆ ಜೋಡಿಸಿದರೆ ಈ ಗಾತ್ರ ತನಗೆ ಹೊಂದದು ಎಂಬ ಸಾಲು ಕರ್ನಲ್ಲಿನ ದಾಖಲೆಯಲ್ಲಿ ಬರುತ್ತದೆ, ಡಿಸ್ಕು ಸೊನ್ನೆ ಗಾತ್ರದ್ದಾಗಿ ಕಾಣುತ್ತದೆ. ಎಸ್‌ಜಿ ಫಾರ್ಮ್ಯಾಟ್ ಆಜ್ಞೆಗೆ 512 ಎಂದು ಗಾತ್ರ ಕೊಟ್ಟು ಓಡಿಸಿದರೆ ಅದು ತಟ್ಟೆಯ ಪ್ರತಿ ಸೆಕ್ಟರನ್ನೂ ಹೊಸದಾಗಿ ಬರೆಯುತ್ತ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಡಿಸ್ಕು ಫಾರ್ಮ್ಯಾಟ್ ಕೆಟ್ಟಿದೆ ಎಂಬ ಸ್ಥಿತಿಗೆ ಬಂದು, ಓದುವುದಕ್ಕೂ ಬರೆಯುವುದಕ್ಕೂ ಒಪ್ಪದೆ, ಮೊದಲಿನಿಂದ ಫಾರ್ಮ್ಯಾಟ್ ಮಾಡಿಸಿಕೊಳ್ಳುವವರೆಗೆ ಹಾಗೆಯೇ ಇರುತ್ತದೆ. ಯುಪಿಎಸ್ ಬ್ಯಾಟರಿ ಗಟ್ಟಿಯಿದೆಯೇ ನೋಡಿಕೊಂಡೇ ಆರಂಭಿಸುವುದು ಒಳ್ಳೆಯದು. ಮುಗಿದ ಮೇಲೆ ಡಿಸ್ಕನ್ನು ಒಮ್ಮೆ ಆರಿಸಿ ಹಚ್ಚಿ, ಲಾಜಿಕಲ್ ಸೆಕ್ಟರ್ 512 ಎಂದು ಬಂದಿದೆಯೇ ಎಂದು ಎಲ್‌ಎಸ್‌ಬಿಎಲ್‌ಕೆಯಲ್ಲಿ ನೋಡಿ, ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳ ಪಟ್ಟಿ ಬೆಳೆದಿಲ್ಲವೆಂದು ಖಚಿತಪಡಿಸಿಕೊಂಡು, ನಂತರ ಜಿಪಿಟಿ ಪಾರ್ಟಿಷನ್ ಬರೆಯಬಹುದು.